ಬಾವುಟದ ಬಟ್ಟೆ: ಶಿವಪುರದಿಂದ ಬೆಂಗೇರಿವರೆಗೆ

2022ರ ಆಗಸ್ಟ್ ನಿಮಗೂ ನೆನಪಿರುತ್ತೆ. ಮನೆ ಮನೆ ಮೇಲೂ ಬಾವುಟ ಹಾರಿತ್ತು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಒಂದು ಸಿಗುತ್ತಿತ್ತು. ನಮ್ಮಲ್ಲೊಬ್ಬರು ಒಂದನ್ನು ಕೊಂಡು ಊರಿಗೆ ಹೋಗಿ ತಾತನ ಕೈಗೆ ಕೊಟ್ಟರು. ತಾತ ಎರಡು ಬೆರಳಲ್ಲಿ ಉಜ್ಜಿ ನೋಡಿ, ‘ಇದ್ಯಾಕ್ಲಾ ಮಗ, ಛತ್ರಿ ಬಟ್ಟೆ ಇದ್ದಂಗದೆ?’ ಅಂದರು.

ತಾತನ ಪ್ರಶ್ನೆಗೆ ಆಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕುತ್ತಾ ಹೋದೆವು. ಬಾವುಟದ ಬಟ್ಟೆ ಬದಲಾದದ್ದು 2021ರ ಡಿಸೆಂಬರ್ 30ರಂದು, ಸರ್ಕಾರದ ಒಂದು ನಿಯಮದಲ್ಲಿ ಕೆಲವು ಪದ ಸೇರಿಸಿದ್ದರಿಂದ. ಆ ಪದಗಳಿಂದ ಹುಬ್ಬಳ್ಳಿ, ಬಾಗಲಕೋಟೆ ಕಡೆಯ ನೂಲುವ, ನೇಯುವ, ಹೊಲಿಯುವ ಹೆಂಗಸರ ಕೆಲಸಕ್ಕೆ ಏಟು ಬಿತ್ತು. ಸರ್ಕಾರ ಯಾರ ಹತ್ತಿರ ಏನು ಕೊಳ್ಳಬೇಕು ಅನ್ನುವ ನಿಯಮ ಓದೋಕೆ ಬಹಳ ಒಣ ವಿಷಯ. ಅದರ ಹಿಂದೆ ಮಾತ್ರ ನೂರು ವರ್ಷದ ಜಗಳ ಇದೆ, ಅದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ.

ಮೊದಲು ಮದ್ದೂರಿನ ಪಕ್ಕದ ಶಿವಪುರಕ್ಕೆ ಹೋಗೋಣ. 1938ರ ಏಪ್ರಿಲ್. ಮಂಡ್ಯ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದು ಆಗಿದ್ದು ಮರುವರ್ಷ. ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಶಿವಪುರದ ಬಯಲಲ್ಲಿ ಸೇರಿತು. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯ. ಎಚ್.ಕೆ. ವೀರಣ್ಣಗೌಡ, ಸಾಹುಕಾರ್ ಚನ್ನಯ್ಯ ಮುಂತಾದ ನಮ್ಮ ಕಡೆಯವರು ಹೆಗಲು ಕೊಟ್ಟಿದ್ದರು. ಚರಕದ ಬಾವುಟ ಹಾರಿಸಬಾರದು ಅಂತ ಮೈಸೂರು ಸರ್ಕಾರ ನಿಷೇಧ ಹಾಕಿತ್ತು. ಆದರೂ ಬಾವುಟ ಏರಿತು, ನಾಯಕರು ಜೈಲು ಸೇರಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ಕಾರಣಕ್ಕೆ ಗೋಲಿಬಾರ್ ಆಗಿ ಜನ ಸತ್ತರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದ ಮೇಲೆ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಮದ್ದೂರಿನ ಹೆದ್ದಾರಿಯಲ್ಲಿ ಬಸ್ಸಲ್ಲಿ ಹೋಗುವಾಗ ಕಾಣುವ ಸತ್ಯಾಗ್ರಹ ಸೌಧ ಇದರ ನೆನಪಿಗೇ ಕಟ್ಟಿದ್ದು.

ಆ ಕಾಲದ ಜನಕ್ಕೆ ಬಾವುಟ ಅಂದರೆ ಬರೀ ಮೂರು ಬಣ್ಣ ಅಲ್ಲ. ಯಾವ ಬಟ್ಟೆ ಅನ್ನುವುದೂ ಅಷ್ಟೇ ಮುಖ್ಯವಾಗಿತ್ತು. ಗಾಂಧೀಜಿ 1921ರಲ್ಲೇ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬಾವುಟದ ಬಗ್ಗೆ ಬರೆದು, ಅದರ ಮೇಲೆ ಚರಕ ಇರಬೇಕು, ಬಟ್ಟೆ ಖಾದಿಯಾಗಿರಬೇಕು ಅಂತ ವಾದಿಸಿದ್ದರು. ಮ್ಯಾಂಚೆಸ್ಟರ್ ಗಿರಣಿಯ ಬಟ್ಟೆಯಲ್ಲಿ ಸ್ವರಾಜ್ಯದ ಬಾವುಟ ಹೊಲಿದರೆ ಏನು ಚೆಂದ?

ಬಟ್ಟೆ ಮಾತ್ರವಲ್ಲ, ಬ್ರಿಟಿಷ್ ಇಂಡಿಯಾ ಸರ್ಕಾರ ತನಗೆ ಬೇಕಾದ ಸಾಮಾನಿನ ದೊಡ್ಡ ಪಾಲನ್ನು ಲಂಡನ್ನಿನಲ್ಲಿ ಕೂತೇ ಕೊಳ್ಳುತ್ತಿತ್ತು. ಅಲ್ಲಿನ ಇಂಡಿಯಾ ಆಫೀಸಿನ ಉಗ್ರಾಣ ವಿಭಾಗ ಬೆಲೆ ಕಟ್ಟುತ್ತಿತ್ತು, ಹಡಗು ಹೊತ್ತು ತರುತ್ತಿತ್ತು. ತೆರಿಗೆ ಕಟ್ಟುವವನು ಇಲ್ಲಿಯ ರೈತ, ಆ ದುಡ್ಡಿನ ಕೆಲಸ ಸಿಗುವುದು ಅಲ್ಲಿಯ ಕಾರ್ಖಾನೆಗೆ. ಇದರ ವಿರುದ್ಧ ಹತ್ತಾರು ವರ್ಷ ಕೂಗಾಡಿದ ಮೇಲೆ 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಹುಟ್ಟಿ, ಇಲ್ಲೇ ಟೆಂಡರ್ ಕರೆದು ಕೊಳ್ಳುವ ಪದ್ಧತಿ ನಿಧಾನಕ್ಕೆ ಬೆಳೆಯಿತು.

ಮೈಸೂರು ಸಂಸ್ಥಾನದ ಕಥೆ ಸ್ವಲ್ಪ ಬೇರೆ. ಅದಕ್ಕೆ ಸಾಕ್ಷಿ ನಮ್ಮ ಕಣ್ಣೆದುರೇ ನಿಂತಿದೆ. ಪ್ರತಿ ಮಳೆಗಾಲ ‘124.80 ಅಡಿ’ ಅಂತ ಸುದ್ದಿ ಬರೆಯುತ್ತೀವಲ್ಲ, ಆ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ 1911ರಲ್ಲಿ ಸಿಮೆಂಟ್ ಬಹುಪಾಲು ಹಡಗಿನಲ್ಲಿ ಬರುತ್ತಿದ್ದ ಸರಕು. ಕಟ್ಟೆಯ ಕಲ್ಲುಗಳನ್ನು ಕೂಡಿಸಿದ್ದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದದ್ದು. ಸುಣ್ಣ ಸುಡುವವರು, ಇಟ್ಟಿಗೆ ಸುಡುವವರು, ಗಾರೆ ಅರೆಯುವವರು ಎಲ್ಲ ಈ ನಾಡಿನವರೇ. ಸರ್ಕಾರ ಅಂದರೆ ಊರಿಗೆಲ್ಲ ದೊಡ್ಡ ಗಿರಾಕಿ. ಅದು ಯಾವ ಅಂಗಡಿ ಮೆಟ್ಟಿಲು ಹತ್ತುತ್ತೋ ಆ ಅಂಗಡಿ ಉಳಿಯುತ್ತೆ.

ಈಗ ಬಾವುಟಕ್ಕೆ ವಾಪಸ್ ಬರೋಣ. 1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಬಾವುಟವನ್ನು ಒಪ್ಪಿತು. ಅವತ್ತು ನೆಹರೂ ಸಭೆಗೆ ಎರಡು ಬಾವುಟ ಒಪ್ಪಿಸಿದರು, ಒಂದು ರೇಷ್ಮೆ ಖಾದಿಯದು, ಇನ್ನೊಂದು ಹತ್ತಿ ಖಾದಿಯದು. ಸ್ವಾತಂತ್ರ್ಯ ಬಂದ ವರ್ಷವೇ ದೇಶದ ಸರಕುಗಳಿಗೆ ಗುಣಮಟ್ಟ ಗೊತ್ತು ಮಾಡುವ ಸಂಸ್ಥೆ ಶುರುವಾಯಿತಲ್ಲ, ಅದು ಹೊರಡಿಸಿದ ಪಟ್ಟಿಯಲ್ಲಿ ನಂಬರ್ 1 ಯಾವುದು ಗೊತ್ತೇ? ರಾಷ್ಟ್ರಧ್ವಜ. ‘ಐಎಸ್ 1’, 1951ರದು. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಹಗ್ಗ ಹೇಗಿರಬೇಕು ಅನ್ನುವುದೆಲ್ಲ ಅದರಲ್ಲಿದೆ. ಗೋಡೆಯಷ್ಟು ದೊಡ್ಡದರಿಂದ ಮೇಜಿನ ಮೇಲಿಡುವ 150 ಮಿಲಿಮೀಟರ್ ಉದ್ದದ್ದರವರೆಗೆ ಒಂಬತ್ತು ಅಳತೆ.

2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆ ಇದನ್ನು ಇನ್ನೂ ಗಟ್ಟಿ ಮಾಡಿತು. ಬಾವುಟದ ಬಟ್ಟೆ ಕೈಯಲ್ಲಿ ನೂತು, ಕೈಯಲ್ಲಿ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆ ಖಾದಿಯೇ ಆಗಿರಬೇಕು ಅಂತ ಅದು ಹೇಳಿತು.

ಇದು ಟೆಂಡರ್ ನಿಯಮವಲ್ಲ. ಆದರೂ ಯಾವ ಟೆಂಡರ್ ನಿಯಮಕ್ಕಿಂತಲೂ ಬಲವಾಗಿತ್ತು. ಹೇಗೆ ಅಂದರೆ, ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಕೋರ್ಟು, ಪಂಚಾಯಿತಿ, ಶಾಲೆ ಎಲ್ಲಕ್ಕೂ ಬಾವುಟ ಬೇಕು. ಗಾಳಿ ಮಳೆಗೆ ಬಾವುಟ ಹರಿಯುತ್ತೆ. ಹರಿದದ್ದನ್ನು, ಮಾಸಿದ್ದನ್ನು ಹಾರಿಸುವ ಹಾಗಿಲ್ಲ, ಗೌರವದಿಂದ ವಿಲೇವಾರಿ ಮಾಡಿ ಹೊಸದು ತರಬೇಕು. ಆ ಹೊಸದು ಖಾದಿಯೇ ಆಗಿರಬೇಕು. ಅಲ್ಲಿಗೆ, ಬೇರೆ ಬಟ್ಟೆಯವನು ಎಷ್ಟೇ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬಾಗಿಲು ಮುಚ್ಚಿತ್ತು. ನೂಲುವ ಕೈಗಳಿಗೆ ವರ್ಷ ವರ್ಷವೂ ಬರುವ ಗಿರಾಕಿ ಖಾತ್ರಿಯಾಗಿತ್ತು.

ಆ ಕೈಗಳು ಬಹುಪಾಲು ನಮ್ಮ ರಾಜ್ಯದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರ ನವೆಂಬರ್ 1ರಂದು, ಅಂದರೆ ರಾಜ್ಯ ಒಂದಾಗಿ ಸರಿಯಾಗಿ ಒಂದು ವರ್ಷಕ್ಕೆ, ಗಾಂಧಿವಾದಿಗಳು ಕಟ್ಟಿದ ಸಂಘ. ಈಗ್ಗೆ ಸುಮಾರು 20 ವರ್ಷದ ಹಿಂದೆ ಅದಕ್ಕೆ ಐಎಸ್ಐ ಗುರುತಿನ ಬಾವುಟ ತಯಾರಿಸುವ ಪರವಾನಗಿ ಸಿಕ್ಕಿತು. ಬಾವುಟದ ಬಟ್ಟೆ ನೇಯುವುದು ಬಾಗಲಕೋಟೆ ಹತ್ತಿರದ ತುಳಸಿಗೇರಿಯಂಥ ಊರುಗಳಲ್ಲಿ. ಧಾರವಾಡದ ಗರಗ ಇನ್ನೂ ಹಳಬ, ಬಾವುಟದ ಬಟ್ಟೆಗೆ ಅದು ಮೊದಲಿಂದ ಹೆಸರಾದ ಊರು. ಬಾವುಟದ ಮೈಗೆ ಒಂದು ತರಹದ ಬಟ್ಟೆ, ಹಗ್ಗ ತೂರಿಸುವ ಅಂಚಿನ ಪಟ್ಟಿಗೆ ಇನ್ನೊಂದು ದಪ್ಪ ಬಟ್ಟೆ. ಬೆಂಗೇರಿಗೆ ಬಂದ ಬಟ್ಟೆಗೆ ಅಲ್ಲಿ ಬಣ್ಣ ಹಾಕಿ, ಕತ್ತರಿಸಿ, ಚಕ್ರ ಅಚ್ಚು ಹಾಕಿ, ಹೊಲಿಯುತ್ತಾರೆ. ಚಕ್ರದ 24 ಅರಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದರ ಬೆನ್ನಿಗೆ ಒಂದು ಕೂರಬೇಕು. ಕೂದಲೆಳೆಯಷ್ಟು ಜರುಗಿದರೂ ಕಾಣುತ್ತೆ. ಈ ಕೆಲಸ ಮಾಡುವವರು ಬಹುಪಾಲು ಹೆಂಗಸರೇ. ಲಡಿಗೆ ಇಷ್ಟು, ಮೀಟರಿಗೆ ಇಷ್ಟು ಅಂತ ಕೂಲಿ. ದೊಡ್ಡ ಸಂಪಾದನೆ ಅಂತ ಯಾರೂ ಹೇಳಲ್ಲ. ಆದರೆ ಊರಲ್ಲೇ ಇದ್ದು ಮಾಡುವ ಕೆಲಸ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ‘ದೇಶಿ ಸರಕು ಕೊಳ್ಳಿ’ ಅನ್ನುವ ಸರ್ಕಾರಿ ನಿಯಮಗಳೆಲ್ಲ ಒಂದೇ ಜಾತಿಯವಲ್ಲ. 2017ರ ಜೂನ್ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮೇಕ್ ಇನ್ ಇಂಡಿಯಾ ಖರೀದಿ ಆದೇಶ ನೋಡಿ. ಟೆಂಡರಿನಲ್ಲಿ ಕಮ್ಮಿ ಬೆಲೆ 100 ರೂಪಾಯಿ ಹಾಕಿದವನು ದೇಶಿ ತಯಾರಕನಲ್ಲ ಅಂತಿಟ್ಟುಕೊಳ್ಳಿ. ದೇಶಿ ತಯಾರಕ 118 ಹಾಕಿದ್ದಾನೆ. ವ್ಯತ್ಯಾಸ ನೂರಕ್ಕೆ 20ರ ಒಳಗಿದೆ, ಹಾಗಾಗಿ ಅವನನ್ನು ಕರೆಯುತ್ತಾರೆ. ಆದರೆ 118 ಕೊಡಲ್ಲ. ‘ನೀನೂ 100ಕ್ಕೆ ಕೊಡ್ತೀಯಾ?’ ಅಂತ ಕೇಳುತ್ತಾರೆ. ಹೂಂ ಅಂದರೆ, ಹಂಚಬಹುದಾದ ಸರಕಾದರೆ ಅರ್ಧ ಆರ್ಡರ್ ಅವನಿಗೆ. 2020ರ ತಿದ್ದುಪಡಿಯ ಪ್ರಕಾರ ಸರಕಿನ ಮೌಲ್ಯದಲ್ಲಿ ಶೇಕಡ 50 ಇಲ್ಲೇ ಸೇರಿದ್ದರೆ ಅವನು ಮೊದಲ ದರ್ಜೆಯ ದೇಶಿ ತಯಾರಕ. ಕಾರ್ಖಾನೆಯವನಿಗೆ ಇದು ಉಪಯೋಗಕ್ಕೆ ಬರುತ್ತೆ. ಚರಕದ ಮುಂದೆ ಕೂತವಳಿಗೆ? ಯಂತ್ರದ ಬೆಲೆಗೆ ಅವಳು ಇಳಿಯೋಕೆ ಆಗುತ್ತಾ?

ಇನ್ನೊಂದು ಜಾತಿಯ ನಿಯಮ ಮೀಸಲು. ಕೇಂದ್ರದ ಹಣಕಾಸು ನಿಯಮಾವಳಿಯಲ್ಲಿ ಖಾದಿ ಬಟ್ಟೆಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದಿಂದಲೇ ಕೊಳ್ಳಬೇಕು ಅಂತ ಇದೆ. ಅಲ್ಲಿ ಗಿರಣಿಯ ಜೊತೆ ಬೆಲೆಯ ಓಟವಿಲ್ಲ. ಧ್ವಜ ಸಂಹಿತೆಯ ಹಳೆಯ ಸಾಲು ಇದೇ ಜಾತಿಯದು, ಇನ್ನೂ ಒಂದು ಕೈ ಮೇಲು. ನಮ್ಮ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಕೈಮಗ್ಗ ನಡೆಸಿಕೊಂಡು ಬಂದಿದೆ. ಅಂಥ ಕಡೆಯ ಬಟ್ಟೆಗೆ ಹುಡುಕಿಕೊಂಡು ಬರುವ ಗಿರಾಕಿಯೇ ಆಸರೆ. ಬೆಂಗೇರಿಗೆ ಮಾತ್ರ ನಿಯಮವೇ ಗಿರಾಕಿಯನ್ನು ಕರೆತರುತ್ತಿತ್ತು.

ಮೈಸೂರಲ್ಲೂ ಇಂಥದೇ ಒಂದು ಸಂಸ್ಥೆ ಇದೆಯಲ್ಲ ಅಂತ ನೀವು ಕೇಳಬಹುದು. ಹೌದು, ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಮಸಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಕೊಡುತ್ತಿದೆ. ಆದರೆ ಮಸಿಗೆ ಗುಟ್ಟಿನ ಸೂತ್ರವಿದೆ, ಬೇರೆ ಯಾರೂ ಸುಮ್ಮನೆ ಮಾಡೋಕೆ ಆಗಲ್ಲ. ಬಾವುಟ ಹೊಲಿಯುವುದರಲ್ಲಿ ಗುಟ್ಟೇನೂ ಇಲ್ಲ. ಅದಕ್ಕಿದ್ದ ರಕ್ಷಣೆ ಆ ಒಂದು ಸಾಲು ಮಾತ್ರ.

2021ರ ಡಿಸೆಂಬರ್ 30ರಂದು ಆ ಸಾಲಿಗೆ ‘ಅಥವಾ ಯಂತ್ರದಲ್ಲಿ ತಯಾರಿಸಿದ’ ಅನ್ನುವ ಅರ್ಥದ ಪದಗಳೂ, ‘ಪಾಲಿಯೆಸ್ಟರ್’ ಅನ್ನುವ ಪದವೂ ಸೇರಿದವು. ಮುಂದಿನ ಆಗಸ್ಟ್‌ನಲ್ಲಿ ‘ಹರ್ ಘರ್ ತಿರಂಗಾ’. 20 ಕೋಟಿ ಮನೆ ಮೇಲೆ ಬಾವುಟ ಹಾರಿಸುವ ಗುರಿ. ಸೂರತ್ ಕಡೆಯ ಗಿರಣಿಗಳು ಹಗಲು ರಾತ್ರಿ ಓಡಿದವು. ಖಾದಿ ಬಾವುಟಕ್ಕಿದ್ದ ಜಿಎಸ್‌ಟಿ ವಿನಾಯಿತಿ ಪಾಲಿಯೆಸ್ಟರ್ ಬಾವುಟಕ್ಕೂ ಉಂಟು ಅಂತ ಸ್ಪಷ್ಟನೆ ಬಂತು. ಬೆಂಗೇರಿಯವರು ತಿದ್ದುಪಡಿ ವಾಪಸ್ ತಗೊಳ್ಳಿ ಅಂತ ಪ್ರತಿಭಟನೆ ಮಾಡಿದರು. ಸ್ವಾತಂತ್ರ್ಯದ 75ನೇ ವರ್ಷ ಬಾವುಟದವರಿಗೆ ಸುಗ್ಗಿಯಾಗಬೇಕಿತ್ತು. ಅವರಿಗೆ ಅದು ಸುಗ್ಗಿಯಾಗಲಿಲ್ಲ.

ಸರ್ಕಾರದ ಕಡೆಯ ಮಾತಲ್ಲೂ ಹುರುಳಿದೆ. 20 ಕೋಟಿ ಬಾವುಟಕ್ಕೆ ಬೇಕಾದ ಬಟ್ಟೆಯನ್ನು ಕೆಲವೇ ತಿಂಗಳಲ್ಲಿ ಚರಕ, ಕೈಮಗ್ಗಗಳಿಂದ ತೆಗೆಯೋಕೆ ಆಗುತ್ತಿರಲಿಲ್ಲ. ಬಡವನ ಮನೆ ಮೇಲೂ ಬಾವುಟ ಹಾರಬೇಕು ಅಂದರೆ 25 ರೂಪಾಯಿಗೆ ಸಿಗಬೇಕು. ಈ ವಿಷಯದಲ್ಲಿ ನಮ್ಮ ನಮ್ಮಲ್ಲೇ ಜಗಳವಾಗಿದೆ. ‘ಗಿರಣಿಯಲ್ಲಿ ಕೆಲಸ ಮಾಡುವವರೂ ಕೂಲಿಯವರೇ ತಾನೇ? ಪಾಲಿಯೆಸ್ಟರ್ ಬಾವುಟವೂ ಇಂಡಿಯಾದಲ್ಲೇ ಆಗುತ್ತಲ್ಲ?’ ಅಂತ ನಮ್ಮಲ್ಲೊಬ್ಬರ ವಾದ. ಆಗುತ್ತೆ, ಸರಿ. ಆದರೆ ಪಾಲಿಯೆಸ್ಟರಿನ ಮೂಲ ಕಚ್ಚಾ ತೈಲ, ಅದನ್ನು ನಾವು ಬಹುಪಾಲು ಹೊರದೇಶದಿಂದ ತರುತ್ತೇವೆ ಅಂತ ಇನ್ನೊಬ್ಬರ ಉತ್ತರ.

ಕೊನೆಗೆ ನಾವೆಲ್ಲ ಒಪ್ಪಿದ ಮಾತು ಇಷ್ಟು. ಮನೆ ಮೇಲೆ ಹಾರುವ ಬಾವುಟಕ್ಕೂ ಸರ್ಕಾರಿ ಕಟ್ಟಡದ ಮೇಲೆ ಹಾರುವ ಬಾವುಟಕ್ಕೂ ವ್ಯತ್ಯಾಸ ಇಡಬಹುದಿತ್ತು. ಮನೆಯವರು ತಮ್ಮ ದುಡ್ಡಲ್ಲಿ ಯಾವ ಬಟ್ಟೆಯದನ್ನಾದರೂ ಕೊಳ್ಳಲಿ. ಕಚೇರಿ, ಶಾಲೆ, ಪಂಚಾಯಿತಿಗಳಿಗೆ ಖಾದಿಯೇ ಅಂತ ಉಳಿಸಿದ್ದರೆ ಹೊಸ ಗಿರಾಕಿಗಳು ಗಿರಣಿಗೆ ಹೋಗುತ್ತಿದ್ದರು, ಹಳೆಯ ಗಿರಾಕಿ ಬೆಂಗೇರಿಗೇ ಉಳಿಯುತ್ತಿದ್ದ. ತಿದ್ದುಪಡಿ ಆ ಗೆರೆ ಎಳೆಯಲಿಲ್ಲ.

ಹಾಗಂತ ಖಾದಿ ಬಾವುಟ ಕೊಳ್ಳಬೇಡಿ ಅಂತಲೂ ಅದು ಹೇಳಿಲ್ಲ. ನಿಮ್ಮ ಪಂಚಾಯಿತಿ ಈಗಲೂ ಖಾದಿಯದನ್ನೇ ತರಿಸಬಹುದು. ಹತ್ತಿರದಿಂದ ನೋಡಿದರೆ ಪತ್ತೆ ಹಚ್ಚುವುದು ಸುಲಭ. ಹಗ್ಗ ತೂರಿಸುವ ಅಂಚಿನಲ್ಲಿ ದಪ್ಪ ಖಾದಿ ಪಟ್ಟಿ ಇರುತ್ತೆ, ಐಎಸ್ಐ ಗುರುತಿರುತ್ತೆ, ಎಳೆಗಳು ಅಲ್ಲಲ್ಲಿ ದಪ್ಪ ಸಣ್ಣ ಇರುತ್ತವೆ. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳ ಪಂಚಾಯಿತಿಗಳು ಯಾವ ಬಟ್ಟೆಯ ಬಾವುಟ ಇಟ್ಟುಕೊಂಡಿವೆ ಅಂತ ನಾವು ಪಟ್ಟಿ ಮಾಡಲು ಹೊರಟಿದ್ದೇವೆ. ಮುಂದಿನ ಧ್ವಜಾರೋಹಣಕ್ಕೆ ಬಾವುಟ ಪೆಟ್ಟಿಗೆಯಿಂದ ಹೊರಗೆ ಬಂದಾಗ, ಕಟ್ಟುವ ಮೊದಲು, ಆ ಅಂಚಿನ ಪಟ್ಟಿಯ ಒಂದು ಫೋಟೋ ತೆಗೆದು ಊರಿನ ಹೆಸರಿನ ಜೊತೆ ನಮಗೆ ಕಳಿಸಿ.