ಸೀಮೆಗೊಂದು ಸಂಕೋಲೆ

ನವೆಂಬರ್ ಒಂದು ಬಂತೆಂದರೆ ತಾಲ್ಲೂಕು ಕಚೇರಿ ಮುಂದಿನಿಂದ ಮೆರವಣಿಗೆ ಹೊರಡುತ್ತದೆ. ಟ್ರ್ಯಾಕ್ಟರಿನ ಮೇಲೆ ಭುವನೇಶ್ವರಿಯ ಪಟ. ಹಿಂದೆ ಕೊಡವರ ಕುಪ್ಪಸ ತೊಟ್ಟ ಹುಡುಗ, ಇಳಕಲ್ ಸೀರೆ ಉಟ್ಟ ಹುಡುಗಿ, ಯಕ್ಷಗಾನದ ಕಿರೀಟ ಹೊತ್ತ ಇನ್ನೊಬ್ಬ. ಮೈಸೂರು ಕಡೆ ಮುದ್ದೆ, ಧಾರವಾಡದ ಕಡೆ ರೊಟ್ಟಿ, ಮಂಗಳೂರು ಕಡೆ ಕುಚ್ಚಲಕ್ಕಿ ಗಂಜಿ, ಎಂಥಾ ವೈವಿಧ್ಯ ನಮ್ಮದು ಅಂತ ಭಾಷಣ ಆಗುತ್ತದೆ. ಆ ಮೆರವಣಿಗೆಯ ಮುಂದೆ ಬಿಸಿಲಲ್ಲಿ ಬಡಿಯುತ್ತಾ ನಡೆದವನ ಮಾತು ಮಾತ್ರ ಬರುವುದಿಲ್ಲ. ಅವನ ಕೈಲಿರೋದು ಮೈಸೂರು ಸೀಮೆಯಲ್ಲಿ ತಮಟೆ, ಬೆಳಗಾವಿ ಸೀಮೆಯಲ್ಲಿ ಹಲಗೆ. ಕರಾವಳಿಯ ಕೊರಗರ ಹೆಗಲಿನಲ್ಲಿ ಡೋಲು. ಇದೂ ವೈವಿಧ್ಯವೇ ಅಲ್ಲವೆ? ಸೀಮೆ ಸೀಮೆಗಳ ಸಂಸ್ಕೃತಿಯ ಭೇದವನ್ನು ಊಟದ ಎಲೆಯಿಂದ ಅಳೆದದ್ದು ಸಾಕು. ಒಂದು ಸಲ ಬಿಟ್ಟಿ ಚಾಕರಿಯ ಕಡೆಯಿಂದ ಅಳೆದು ನೋಡೋಣ.

1956ರ ನವೆಂಬರ್ 1ರವರೆಗೆ ಕನ್ನಡ ನಾಡು ಹರಿದು ಹಂಚಿಹೋಗಿತ್ತು ಅಂತ ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಮೈಸೂರು ಒಡೆಯರದ್ದು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದ್ದು. ಬೀದರ್, ಗುಲ್ಬರ್ಗಾ, ರಾಯಚೂರು ನಿಜಾಮನದು. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನವು. ಮದ್ರಾಸಿನದೇ ಆಗಿದ್ದ ಬಳ್ಳಾರಿ 1953ರಲ್ಲೇ ಮೈಸೂರಿಗೆ ಬಂದಿತ್ತು. ಕೊಡಗಿನದು ಬೇರೆಯೇ ಆಡಳಿತ. ಹಂಚಿಹೋಗಿದ್ದು ಕನ್ನಡ ಮಾತ್ರ ಅಲ್ಲ. ಹೊಲೆ ಮಾದಿಗರ ಬದುಕೂ ಹಂಚಿಹೋಗಿತ್ತು. ಒಬ್ಬೊಬ್ಬ ಒಡೆಯನ ಕೈಲಿ ಒಂದೊಂದು ಬಗೆಯ ಸಂಕೋಲೆ. ಅದನ್ನು ಬಿಚ್ಚುವ ದಾರಿಯೂ ಒಂದೊಂದು ಬಗೆ.

ಮೊದಲ ಭೇದ ಬಯಲಿಗೂ ಕಾಡು-ಕಡಲಿನ ಸೀಮೆಗೂ ನಡುವಿನದು. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿ ಊರಾಗಿವೆ, ಊರ ಹೊರಗೆ ಕೇರಿ. ಇಲ್ಲಿ ನಮ್ಮೋರು ಇಡೀ ಊರಿನ ಆಳು. ತೋಟಿ, ತಳವಾರ, ನೀರಗಂಟಿ ಅಂತ ಹೆಸರು, ಅದಕ್ಕೊಂದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಕಣದ ಮೂಲೆಯ ಆಯ. ಮಲೆನಾಡು ಕರಾವಳಿಯಲ್ಲಿ ಮನೆಗಳು ಚದುರಿವೆ, ಗದ್ದೆ ತೋಟಗಳ ನಡುವೆ ಒಂಟೊಂಟಿ. ಅಲ್ಲಿ ನಮ್ಮೋರು ಒಂದು ಮನೆಯ ಆಳು. ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಅಂತ ಎರಡು ಮಾತಿದ್ದವು. ಒಡೆಯನ ಮನೆಯಲ್ಲೇ ಹುಟ್ಟಿದವನು ಹುಟ್ಟಾಳು, ಜಮೀನಿನ ಜೊತೆ ಕೈಬದಲಾಗುವವನು ಮಣ್ಣಾಳು. ಕರಾವಳಿಯಲ್ಲಿ ಮೂಲದ ಹೊಲೆಯರು ಧಣಿಯ ಗದ್ದೆಯ ಅಂಚಿನಲ್ಲಿ ಕಟ್ಟುಬಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ 1843ರ ಕಾಯ್ದೆ ಗುಲಾಮಗಿರಿಯನ್ನು ಕಾಗದದ ಮೇಲೆ ಅಳಿಸಿತು. ಗದ್ದೆಯ ಅಂಚು ಮಾತ್ರ ಅಲ್ಲೇ ಇತ್ತು.

ಈ ಭೇದ ಸಣ್ಣದಲ್ಲ. ಬಯಲಿನ ಕೇರಿಯಲ್ಲಿ ನೂರು ಜನ ಒಟ್ಟಿಗಿದ್ದಾರೆ, ಒಬ್ಬನಿಗೆ ಏಟು ಬಿದ್ದರೆ ಇನ್ನೊಬ್ಬನಿಗೆ ಕೇಳಿಸುತ್ತದೆ. ಗದ್ದೆ ಅಂಚಿನ ಒಂಟಿ ಗುಡಿಸಲಿನ ಕೂಗು ಧಣಿಯ ಅಂಗಳ ದಾಟುವುದಿಲ್ಲ. ಸಂಘಟನೆ ಮಾಡಲು ಹೊರಟವರಿಗೆ ಇದಕ್ಕಿಂತ ದೊಡ್ಡ ಸಂಸ್ಕೃತಿಯ ಪಾಠ ಯಾವುದಿದೆ?

ಇನ್ನು ಕರಾವಳಿಯ ದೈವದ ನೇಮ ನೋಡಿ. ಪಂಬದ, ಪರವ, ನಲಿಕೆಯವರು ರಾತ್ರಿಯಿಡೀ ದೈವವಾಗಿ ನಿಲ್ಲುತ್ತಾರೆ. ಧಣಿ ಕೈಮುಗಿದು ತೀರ್ಪು ಕೇಳುತ್ತಾನೆ. ಬೆಳಗಾದ ಮೇಲೆ ಅದೇ ಮನುಷ್ಯ ಅದೇ ಅಂಗಳದ ಹೊರಗೆ. ಅದೇ ಸೀಮೆಯಲ್ಲಿ ಕೊರಗರ ಮೇಲೆ ಅಜಲು ಹೇರಿದ್ದರು. ಉಳ್ಳವರ ಅನಿಷ್ಟ ಕಳೆಯಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಇವರಿಗೆ ಉಣ್ಣಿಸುವ ಪದ್ಧತಿ ಅದು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ. ಅಲ್ಲಿಂದ ಇಲ್ಲಿಗೆ ನೂರಮೂರು ವರ್ಷ!

ಮೈಸೂರಿನಲ್ಲಿ ಬೆಳಕು ಅರಮನೆಯ ಕಡೆಯಿಂದ ಬಂತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿಯನ್ನು ನೇಮಿಸಿತು. ಬ್ರಾಹ್ಮಣೇತರರಿಗೆ ನೌಕರಿಯ ಬಾಗಿಲು ತೆರೆಯಿತು. ಆ ಬಾಗಿಲಲ್ಲಿ ಮೊದಲು ನುಗ್ಗಿದವರು ಭೂಮಿ ಇದ್ದ ಶೂದ್ರರು, ನಮ್ಮೋರು ಹಿಂದಿನ ಸಾಲಿನಲ್ಲಿ. ಕೊಡುವವನು ದೊರೆ ಆದ್ದರಿಂದ ಇಲ್ಲಿಯ ಭಾಷೆ ಮನವಿಯ ಭಾಷೆಯಾಯಿತು. ಅದೇ ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ ಮಾತ್ರ ಬೇರೆ ಗಾಳಿ ಬೀಸುತ್ತಿತ್ತು. ಅಲ್ಲಿ ಭೂಮಿಯೊಳಗೆ ಇಳಿದ ತಮಿಳು ದಲಿತರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಬೌದ್ಧ ಸಂಘ ಕಟ್ಟಿಕೊಂಡಿದ್ದರು. ಗೌಡನ ಹೊಲದ ಆಳಿಗೆ ಇಲ್ಲದ ತಿಂಗಳ ಸಂಬಳ ಅವರಿಗಿತ್ತು ಅನ್ನೋದನ್ನು ಮರೆಯಬಾರದು.

ಮುಂಬೈ ಪ್ರಾಂತ್ಯದ ಸೀಮೆಗೆ ಬೆಳಕು ಬಾಬಾಸಾಹೇಬರ ಕಡೆಯಿಂದ ನೇರವಾಗಿ ಬಂತು. ನಿಪ್ಪಾಣಿಯ ಪಕ್ಕದಲ್ಲೇ ಶಾಹು ಮಹಾರಾಜರ ಕೊಲ್ಹಾಪುರ. 1902ರಲ್ಲೇ ಅಲ್ಲಿ ಮೀಸಲಾತಿ ಬಂದಿತ್ತು. 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಯ ಪರಿಷತ್ತಿಗೇ ಬಂದರು. ಮುಂದೆ ಅವರು ಕಟ್ಟಿದ ವಿದ್ಯಾರ್ಥಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಮರಾಠಿ ಬಲ್ಲ ಗಡಿಸೀಮೆಗೆ ಅವರ ಪತ್ರಿಕೆಗಳು ಪರಭಾಷೆಯವಲ್ಲ. 1928ರಲ್ಲಿ ಅವರು ವತನಿನ ಕಾಯ್ದೆಯನ್ನು ತಿದ್ದಲು ಮುಂಬೈ ಶಾಸನ ಸಭೆಯಲ್ಲಿ ಮಸೂದೆ ತಂದರು. ತುಂಡು ಭೂಮಿಯ ಆಸೆಗೆ ಹಗಲು ರಾತ್ರಿ ಸರ್ಕಾರದ ಬಿಟ್ಟಿ ಚಾಕರಿ ಮಾಡಿಸುವ ವತನು ಸಂಕೋಲೆಯೇ ಹೊರತು ಸಂಪತ್ತಲ್ಲ ಅನ್ನೋದು ಅವರ ವಾದ. ಇದೇ ಸೀಮೆಯಲ್ಲಿ ಛಲವಾದಿ ಗಂಟೆ ಬಟ್ಟಲು ಹಿಡಿದು ಲಿಂಗಾಯತರ ಮೆರವಣಿಗೆಯ ಮುಂದೆ ನಡೆಯುತ್ತಿದ್ದ. ಅದನ್ನು ಗೌರವ ಅಂತಲೇ ಕರೆಯುತ್ತಿದ್ದರು. ವತನನ್ನೂ ಗೌರವ ಅಂತಲೇ ಕರೆದಿದ್ದರು.

ನಿಜಾಮನ ಸೀಮೆಯಲ್ಲಿ ಜಾಗೀರುದಾರಿ, ಬೇಗಾರಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಶಾಲೆ ಕಂಡ ನಮ್ಮ ಹಿರಿಯರು ಬೆರಳೆಣಿಕೆ, ಕಂಡವರು ಓದಿದ್ದೂ ಉರ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಬಂತು. ಅದೇ ಸಂಸ್ಥಾನದಲ್ಲಿ ಬೆಳೆದ ಬಿ. ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ದಲಿತರು, ಮುಸಲ್ಮಾನರು, ಹಿಂದುಳಿದವರು ಒಂದಾಗಬೇಕು ಅನ್ನೋ ಅವರ ಮಾತು ಅರಮನೆಯ ನೆರಳಿನ ಮೈಸೂರಿನಲ್ಲಿ ಹುಟ್ಟುವ ಮಾತಲ್ಲ. ಅದು ಆ ನೆಲದ್ದೇ ಬೆಳೆ.

ಒಂದೇ ಅನಿಷ್ಟಕ್ಕೆ ನಾಲ್ಕು ಕಾಲದ ಕಾನೂನು ಬಂದದ್ದನ್ನೂ ನೋಡಿ. ದೇವದಾಸಿಯರ ಸೇವೆಯನ್ನು ಮೈಸೂರು ತನ್ನ ಮುಜರಾಯಿ ದೇವಸ್ಥಾನಗಳಲ್ಲಿ 1910ರ ಹೊತ್ತಿಗೇ ನಿಲ್ಲಿಸಿತ್ತು. ಮುಂಬೈ ಕಾಯ್ದೆ ಮಾಡಿದ್ದು 1934ರಲ್ಲಿ, ಮದ್ರಾಸು 1947ರಲ್ಲಿ. ಏಕೀಕರಣವಾಗಿ 26 ವರ್ಷ ಕಳೆದ ಮೇಲೆ, 1982ರಲ್ಲಿ, ಕರ್ನಾಟಕ ಒಂದು ಕಾಯ್ದೆ ಮಾಡಿತು. ಅಲ್ಲಿಯವರೆಗೂ, ಆಮೇಲೂ, ಸವದತ್ತಿ ಸೀಮೆಯಲ್ಲಿ ಜೋಗತಿ, ಬಳ್ಳಾರಿ ರಾಯಚೂರು ಕಡೆ ಬಸವಿ ಅಂತ ನಮ್ಮ ಕೇರಿಯ ಹುಡುಗಿಯರಿಗೇ ಮುತ್ತು ಕಟ್ಟಿದರು.

ಈ ಭೇದಗಳನ್ನು ಅರಿಯದೆ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಚಂದ್ರಗುತ್ತಿ ಸಾಕ್ಷಿ. 1986ರ ಮಾರ್ಚಿನಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ ಭಕ್ತರು ಬಿದ್ದರು. ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತರು. ಬೆತ್ತಲೆ ಸೇವೆಯ ಹರಕೆ ಹೊತ್ತವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು, ಸರಿ. ತಡೆಯಲು ಹೋದದ್ದೂ ಸರಿಯೇ. ಆದರೆ ಕಾಲೇಜು ಓದಿದ ಹುಡುಗನಿಗೆ ಮೂಢನಂಬಿಕೆಯಾಗಿ ಕಂಡ ಆ ರೇಣುಕೆ, ಹರಕೆ ಹೊತ್ತ ಹೆಂಗಸಿಗೆ ತನ್ನ ಮಾತು ಕೇಳಿಸಿಕೊಳ್ಳುವ ಒಬ್ಬಳೇ ತಾಯಿ. ಆ ಹೆಂಗಸಿನ ಕೇರಿಗೆ ಹೋಗಿ ಅವಳ ಜಗಲಿಯಲ್ಲಿ ಕೂರದೆ ನೇರ ಹೊಳೆದಡಕ್ಕೆ ಹೋದರೆ, ನಾವು ಅವಳ ಕಣ್ಣಿಗೆ ಇನ್ನೊಬ್ಬ ಅಧಿಕಾರಿಯಂತೆ ಕಾಣುತ್ತೇವೆ.

ಹಾಗಂತ ನಮ್ಮನ್ನು ಕೂಡಿಸಿದ್ದು ಏನೂ ಇಲ್ಲವೆ? ಇದೆ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಅದೇ ತಿಂಗಳು ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿತ್ತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಹೊಡೆಯುವವರು ನೀನು ಯಾವ ಸೀಮೆಯವನು ಅಂತ ಕೇಳಲಿಲ್ಲ. ಆ ಏಟಿನಿಂದಲೇ ಚಳವಳಿ ಎದ್ದಿತು.

ಇವತ್ತು ಸೀಮೆಗಳ ಹೆಸರು ಬದಲಾಗಿವೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, 2021ರಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕವಾಯಿತು. ನಮ್ಮ ಹೆಸರಿನ ಗಂಟು ಮಾತ್ರ ಬಿಚ್ಚಿಲ್ಲ. ಹಳೇ ಮೈಸೂರಿನ ಸರ್ಕಾರಿ ಕಾಗದದಲ್ಲಿ ಆದಿ ಕರ್ನಾಟಕ ಅನ್ನೋ ಹೆಸರು ಬಂತು. ಹೊಲೆಯ, ಮಾದಿಗ ಅನ್ನೋ ಬೈಗುಳದಿಂದ ತಪ್ಪಿಸಿಕೊಳ್ಳಲು ನಮ್ಮ ಹಿರಿಯರು ಅದನ್ನು ಅಪ್ಪಿಕೊಂಡರು. ಒಂದು ಜಿಲ್ಲೆಯಲ್ಲಿ ಅದು ಹೊಲೆಯರ ಹೆಸರಾದರೆ ಇನ್ನೊಂದು ಜಿಲ್ಲೆಯಲ್ಲಿ ಮಾದಿಗರದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ಒಪ್ಪಿತು. 2025ರಲ್ಲಿ ಮನೆ ಮನೆ ಸಮೀಕ್ಷೆ ನಡೆದಾಗ ಲಕ್ಷಗಟ್ಟಲೆ ಜನ ಮೂಲ ಜಾತಿ ಹೇಳದೆ ಈ ಬಗೆಯ ಹೆಸರನ್ನೇ ಬರೆಸಿದರು. ಮಾನ ಉಳಿಸಿದ ಹೆಸರೇ ಪಾಲು ಕೇಳುವಾಗ ಅಡ್ಡ ಬಂತು. ಉತ್ತರದವರಿಗೆ ಇದು ದಕ್ಷಿಣದವರ ಹಟ ಅನ್ನಿಸಬಹುದು. ಅದರ ಹಿಂದೆ ನೂರು ವರ್ಷದ ಅವಮಾನ ಇದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮುಂದಿನ ನವೆಂಬರಿಗೆ ಮಕ್ಕಳಿಗೆ ವೇಷ ಹಾಕಿಸುವ ಮುಂಚೆ ಒಂದು ಕೆಲಸ ಕೊಡಿ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಊರ ಆಳಾಗಿದ್ದರೋ, ಒಂದು ಮನೆಯ ಆಳಾಗಿದ್ದರೋ? ಯಾವ ಚಾಕರಿಗೆ ಎಷ್ಟು ಭೂಮಿ ಕೊಟ್ಟಿದ್ದರು, ಈಗ ಅದನ್ನು ಉಳುತ್ತಿರುವವರು ಯಾರು? ಅದನ್ನು ವಾಪಸು ಕೇಳಿದ್ದರಾ? ಕಾಗದದಲ್ಲಿ ಯಾವ ಹೆಸರು ಬರೆಸಿದರು, ಯಾಕೆ? ಬೀದರಿನ ಮಕ್ಕಳು ಬರೆದದ್ದನ್ನು ಚಾಮರಾಜನಗರದ ಮಕ್ಕಳು ಓದಲಿ, ಕುಂದಾಪುರದವರದ್ದನ್ನು ಕೋಲಾರದವರು ಓದಲಿ. ಆ ಕಾಗದಗಳು ಒಟ್ಟಾದ ದಿನ ನಮ್ಮ ಕೈಗೆ ನಾಡಿನ ಚರಿತ್ರೆ ಸಿಗುತ್ತದೆ.