ಕಾರಿನ ಆಲ್ಟರ್ನೇಟರ್: ಇಳಿಸುವುದು, ಬಿಚ್ಚುವುದು, ಪರೀಕ್ಷಿಸುವುದು

ಎಂಜಿನ್ ಓಡುತ್ತಿರುವಷ್ಟು ಹೊತ್ತು ಬ್ಯಾಟರಿಯನ್ನು ಚಾರ್ಜ್ ಮಾಡುತ್ತ, ದೀಪ, ವೈಪರ್, ಇಗ್ನಿಷನ್‌ಗಳಿಗೆ ಕರೆಂಟ್ ಒದಗಿಸುವ ಯಂತ್ರವೇ ಆಲ್ಟರ್ನೇಟರ್. ಗ್ಯಾರೇಜುಗಳಲ್ಲಿ ಇದನ್ನು ‘ಡೈನಮೋ’ ಎಂದೇ ಕರೆಯುವುದುಂಟು. ಹಳೆಯ ಕಾಲದ ಡೈನಮೋ ಎಂಜಿನ್ ನಿಧಾನವಾಗಿ ತಿರುಗುವಾಗ ಸಾಕಷ್ಟು ಕರೆಂಟ್ ಕೊಡುತ್ತಿರಲಿಲ್ಲ. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಆಲ್ಟರ್ನೇಟರ್ ಆ ಜಾಗಕ್ಕೆ ಬಂತು. ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್ ಕಾರಿಗೆ ಇದನ್ನು ಅಳವಡಿಸಿತು.

ಚಾರ್ಜಿಂಗ್ ನಿಂತಿತೆಂದು ಇಡೀ ಆಲ್ಟರ್ನೇಟರ್ ಬದಲಿಸುವ ಮೊದಲು ಬಿಚ್ಚಿ ನೋಡುವುದು ಲೇಸು. ಇದರಲ್ಲಿ ಉಜ್ಜಿ ಸವೆಯುವಂಥವು ಮುಖ್ಯವಾಗಿ ಬ್ರಷ್ ಮತ್ತು ಬೇರಿಂಗ್. ಎರಡೂ ಬಿಡಿಯಾಗಿ ಸಿಗುತ್ತವೆ. ಮಾರುತಿ 800ರಂಥ ಹಳೆಯ, ಸರಳ ಪೆಟ್ರೋಲ್ ಕಾರುಗಳನ್ನು ಗಮನದಲ್ಲಿಟ್ಟು ಮುಂದಿನ ವಿವರ ಕೊಡಲಾಗಿದೆ.

ಒಳಗೆ ಏನಿದೆ?

ನಡುವೆ ತಿರುಗುವುದು ರೋಟರ್. ಅದರ ತಂತಿಸುರುಳಿಯನ್ನು ಎರಡು ಕಬ್ಬಿಣದ ಹೋಳುಗಳು, ಎರಡು ಕೈಗಳ ಬೆರಳು ಹೆಣೆದಂತೆ, ಎರಡೂ ಕಡೆಯಿಂದ ಆವರಿಸಿರುತ್ತವೆ. ಎರಡು ಕಾರ್ಬನ್ ಬ್ರಷ್‌ಗಳು ತಾಮ್ರದ ಸ್ಲಿಪ್ ರಿಂಗ್‌ಗಳ ಮೇಲೆ ಒತ್ತಿ ನಿಂತು ಈ ಸುರುಳಿಗೆ ಸ್ವಲ್ಪ ಕರೆಂಟ್ ಹಾಯಿಸಿ ಅದನ್ನು ಅಯಸ್ಕಾಂತವಾಗಿಸುತ್ತವೆ. ರೋಟರ್ ತಿರುಗಿದಾಗ ಸುತ್ತಲಿನ ಸ್ಟೇಟರ್‌ನಲ್ಲಿ ತ್ರೀ ಫೇಸ್ ಎ.ಸಿ. ಹುಟ್ಟುತ್ತದೆ. ಡಯೋಡ್ ಪ್ಲೇಟಿನ ಆರು ಡಯೋಡ್‌ಗಳು ಅದನ್ನು ಡಿ.ಸಿ.ಯಾಗಿ ಬದಲಿಸುತ್ತವೆ. ರೋಟರ್‌ಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡಿ ವೋಲ್ಟೇಜ್ ಕಾಯುವುದು ರೆಗ್ಯುಲೇಟರ್, ಅಂದರೆ ಮೆಕ್ಯಾನಿಕ್‌ಗಳ ‘ಕಟೌಟ್’.

ಇಳಿಸುವ ಮೊದಲು

ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆಫ್ ಇರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು 13.8ರಿಂದ 14.5ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಮೊದಲು ಬೆಲ್ಟ್, ಫ್ಯೂಸ್, ಅರ್ಥ್ ವೈರ್, ಹಿಂಬದಿಯ ಕನೆಕ್ಟರ್ ನೋಡಿ. 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನಪಡಬೇಕು.

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಳಚಿ, ಗಾಡಿ ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಹಳೆಯ ಪದ್ಧತಿ ಬೇಡ. ಆ ಕ್ಷಣ ವೋಲ್ಟೇಜ್ ಜಿಗಿದು ಡಯೋಡ್, ರೆಗ್ಯುಲೇಟರ್, ಇ.ಸಿ.ಯು. (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು.

ಕಾರಿನಿಂದ ಇಳಿಸುವ ಕ್ರಮ

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ತೆಗೆಯಿರಿ. ಆಲ್ಟರ್ನೇಟರ್ ಹಿಂಭಾಗದ ದಪ್ಪ ವೈರು ಬ್ಯಾಟರಿಗೆ ನೇರ ಜೋಡಿಕೆಯಾಗಿದ್ದು, ಕೀ ಆಫ್ ಇದ್ದರೂ ಅದರಲ್ಲಿ ಕರೆಂಟ್ ಇರುತ್ತದೆ. ಸ್ಪ್ಯಾನರ್ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರೇ ಕಾಯುತ್ತದೆ.

ನಂತರ ಕನೆಕ್ಟರ್ ಮತ್ತು ದಪ್ಪ ವೈರಿನ ನಟ್ ತೆಗೆಯಿರಿ. ಉದ್ದನೆಯ ಸೀಳಿರುವ ಪಟ್ಟಿಯ ಬೋಲ್ಟನ್ನೂ ಕೆಳಗಿನ ಪಿವಟ್ ಬೋಲ್ಟನ್ನೂ ಸಡಿಲಿಸಿ, ಆಲ್ಟರ್ನೇಟರನ್ನು ಎಂಜಿನ್ ಕಡೆಗೆ ತಳ್ಳಿ ಬೆಲ್ಟ್ ಕಳಚಿ. ಕೊನೆಗೆ ಎರಡೂ ಬೋಲ್ಟ್ ತೆಗೆಯುವಾಗ ಇನ್ನೊಂದು ಕೈ ಕೆಳಗೆ ಆಧಾರ ಕೊಡಲಿ. ಆಲ್ಟರ್ನೇಟರ್ ಹಲವು ಕಿಲೋ ತೂಗುತ್ತದೆ. ಕಾರಿನಡಿ ನುಸುಳಬೇಕಾದರೆ ಬರೀ ಜ್ಯಾಕ್ ನಂಬದೆ ಸ್ಟ್ಯಾಂಡ್ ಕೊಡಿ.

ಬಿಚ್ಚುವ ಕ್ರಮ

ಮುಂದಿನ ಕವಚ, ಸ್ಟೇಟರ್, ಹಿಂದಿನ ಕವಚ ಮೂರಕ್ಕೂ ಸೇರುವಂತೆ ಒಂದು ಗೆರೆ ಗೀಚಿ, ಫೋಟೊ ತೆಗೆದಿಡಿ. ಪುಲ್ಲಿ ನಟ್ ಬಹಳ ಬಿಗಿಯಾಗಿರುತ್ತದೆ. ಇಂಪ್ಯಾಕ್ಟ್ ಗನ್ ಇದ್ದವರಿಗೆ ಕ್ಷಣದ ಕೆಲಸ. ರೋಟರನ್ನು ಬರಿಯ ವೈಸ್‌ನಲ್ಲಿ ಕಚ್ಚಿಸಬೇಡಿ, ಮರದ ತುಂಡು ಅಡ್ಡ ಇಡಿ. ಬೇರಿಂಗ್ ಬದಲಿಸುವುದಿಲ್ಲವಾದರೆ ಪುಲ್ಲಿ ಮುಟ್ಟುವ ಅಗತ್ಯವೇ ಇಲ್ಲ.

ಉದ್ದನೆಯ ಸ್ಕ್ರೂಗಳನ್ನು ತೆಗೆದು, ಕವಚಗಳನ್ನು ಸುತ್ತಲೂ ಸಮನಾಗಿ ಸ್ವಲ್ಪ ಸ್ವಲ್ಪವೇ ಬಿಡಿಸಿ. ಸ್ಕ್ರೂಡ್ರೈವರ್ ಒಳಗೆ ಆಳವಾಗಿ ಹೋದರೆ ಸ್ಟೇಟರ್ ತಂತಿಯ ವಾರ್ನಿಷ್ ಕೀಳುತ್ತದೆ. ಡಯೋಡ್ ಪ್ಲೇಟಿಗೆ ಬೆಸೆದ ಸ್ಟೇಟರ್ ತಂತಿಗಳನ್ನು ಬಿಡಿಸುವಾಗ ಡಯೋಡಿನ ಕಾಲನ್ನು ಇಕ್ಕಳದಲ್ಲಿ ಹಿಡಿದರೆ ಶಾಖ ಇಕ್ಕಳಕ್ಕೆ ಹರಿಯುತ್ತದೆ.

ಭಾಗಗಳ ಪರೀಕ್ಷೆ

ಬ್ರಷ್: ಹೋಲ್ಡರಿನಿಂದ 5 ಮಿಲಿಮೀಟರಿಗಿಂತ ಕಡಿಮೆ ಹೊರಬಂದಿದ್ದರೆ ಹೊಸದು ಹಾಕುವುದು ಒಳ್ಳೆಯದು. ಸ್ಲಿಪ್ ರಿಂಗ್ ಕಪ್ಪಾಗಿದ್ದರೆ ನಯವಾದ ಎಮೆರಿ ಕಾಗದದಿಂದ ಉಜ್ಜಿ. ಆಳವಾದ ಗೆರೆ ಬಿದ್ದಿದ್ದರೆ ಲೇತ್ ಕೆಲಸ.

ರೋಟರ್: ಎರಡು ರಿಂಗುಗಳ ನಡುವೆ ಸಾಮಾನ್ಯವಾಗಿ 2ರಿಂದ 5 ಓಮ್ ಬರುತ್ತದೆ. ರಿಂಗಿನಿಂದ ಶಾಫ್ಟಿಗೆ ಸಂಪರ್ಕ ತೋರಿಸಿದರೆ ಸುರುಳಿ ಅರ್ಥ್ ಆಗಿದೆ.

ಸ್ಟೇಟರ್: ತಂತಿಗಳ ನಡುವೆ ಸಂಪರ್ಕ ಇರಬೇಕು, ತಂತಿಗೂ ಕಬ್ಬಿಣಕ್ಕೂ ಇರಬಾರದು. ಸುಟ್ಟ ವಾಸನೆ, ಕಪ್ಪಾದ ತಂತಿ ಕಂಡರೆ ಮೀಟರ್ ಬೇಕಿಲ್ಲ.

ಡಯೋಡ್: ಮೀಟರಿನ ಡಯೋಡ್ ಮೋಡ್‌ನಲ್ಲಿ ಒಂದೇ ದಿಕ್ಕಿನಲ್ಲಿ ಸುಮಾರು 0.5 ವೋಲ್ಟ್ ಬರಬೇಕು. ಎರಡೂ ದಿಕ್ಕಿನಲ್ಲಿ ಹಾದುಹೋದರೆ ಶಾರ್ಟ್. ರಾತ್ರಿ ನಿಂತ ಕಾರಿನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಇಳಿದಿರುವುದಕ್ಕೆ ಇದೂ ಒಂದು ಕಾರಣ.

ಬೇರಿಂಗ್: ಬೆರಳಿನಿಂದ ತಿರುಗಿಸಿದಾಗ ಗರಗರ ಎಂದರೆ ಬದಲಿಸಿ. ಪುಲ್ಲರ್‌ನಿಂದಲೇ ತೆಗೆಯಿರಿ, ಸುತ್ತಿಗೆಯಿಂದ ಬಡಿಯಬೇಡಿ.

ಮರುಜೋಡಣೆ

ಜೋಡಿಸುವಾಗ ಸ್ಪ್ರಿಂಗ್ ಒತ್ತಡಕ್ಕೆ ಬ್ರಷ್ ಮುಂದೆ ಚಾಚಿ ರೋಟರಿಗೆ ಅಡ್ಡ ಬರುತ್ತದೆ. ಇದಕ್ಕೆಂದೇ ಹಲವು ಮಾದರಿಗಳ ಹಿಂಬದಿ ಕವಚದಲ್ಲಿ ಸಣ್ಣ ತೂತು ಇರುತ್ತದೆ. ಬ್ರಷ್‌ಗಳನ್ನು ಒಳಗೆ ಒತ್ತಿ, ಆ ತೂತಿನಿಂದ ತಂತಿಯೊಂದನ್ನು ತೂರಿಸಿ ತಡೆದಿಡಿ; ಕವಚ ಕೂತ ಮೇಲೆ ತಂತಿ ಎಳೆದರೆ ಬ್ರಷ್ ‘ಟಕ್’ ಎಂದು ರಿಂಗಿನ ಮೇಲೆ ಕೂರುತ್ತದೆ.

ಕಾರಿಗೆ ಏರಿಸಿ ಬೆಲ್ಟ್ ಬಿಗಿ ಮಾಡಿ. ಹಳೆಯ ವಿ ಬೆಲ್ಟಾದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಅತಿ ಬಿಗಿಯಾದರೆ ಬೇರಿಂಗ್ ಬೇಗ ಹೋಗುತ್ತದೆ. ನೆಗೆಟಿವ್ ವೈರನ್ನು ಕೊನೆಗೆ ಹಾಕಿ, ಹೆಡ್‌ಲೈಟ್ ಉರಿಸಿಟ್ಟು ವೋಲ್ಟೇಜನ್ನು ಮತ್ತೆ ಅಳೆಯಿರಿ.

ಮನೆಯಲ್ಲಿ ಬೇಡವಾದದ್ದು

ಸುಟ್ಟ ಸ್ಟೇಟರ್ ರಿವೈಂಡಿಂಗ್ ಅಂಗಡಿಗೆ ಹೋಗಲಿ. ಹೊಸದರ ಬೆಲೆಯನ್ನೂ ಜೊತೆಗೇ ವಿಚಾರಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗೆ ಹಳೆಯ ಬ್ರಷ್, ಬೇರಿಂಗನ್ನೇ ಮಾದರಿಗೆ ಒಯ್ದರೆ ಅಳತೆ ತಪ್ಪುವುದಿಲ್ಲ. ಇ.ಸಿ.ಯು. ನಿಯಂತ್ರಿಸುವ ಚಾರ್ಜಿಂಗ್ ಇರುವ ಹೊಸ ಕಾರುಗಳಲ್ಲಿ ವೋಲ್ಟೇಜ್ ಬೇಕೆಂದೇ ಏರಿಳಿಯುತ್ತದೆ. ಅಲ್ಲಿ ಮೇಲಿನ ಅಂಕಿಗಳನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಹೈಬ್ರಿಡ್ ಕಾರಿನ ಹೈ ವೋಲ್ಟೇಜ್ ಭಾಗಗಳಂತೂ ಪ್ರಾಣಾಪಾಯದವು. ಅವುಗಳನ್ನು ತರಬೇತಿ ಪಡೆದವರೇ ಮುಟ್ಟಬೇಕು.