ಏಳು ವರ್ಷದ ಲೆಕ್ಕ ಇಟ್ಟವರು ಯಾರು?

'ಮನೆಯಿಂದ ಹೊರಗೆ ಹೋದವರು ವಾಪಸ್ ಬಂದಿಲ್ಲ. ಎತ್ತರ ಐದು ಅಡಿ ನಾಲ್ಕು ಇಂಚು. ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು. ಕನ್ನಡ, ತೆಲುಗು ಮಾತನಾಡುತ್ತಾರೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು.'

ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಇಂಥ ಪ್ರಕಟಣೆಯನ್ನು ನೀವೆಲ್ಲ ಓದಿರುತ್ತೀರಿ. ಓದಿರುತ್ತೀರಿ ಅಂದರೆ, ಕಣ್ಣು ಹಾಯಿಸಿ ಪುಟ ತಿರುವಿರುತ್ತೀರಿ. ತಪ್ಪೇನಿಲ್ಲ ಬಿಡಿ. ಈ ಚಹರೆಗೆ ನಮ್ಮ ಗಿಲ್ಲೆಸುಗೂರಿನ ಸಂತೆಯಲ್ಲಿ ನಿಂತ ಅರ್ಧ ಗಂಡಸರು ಹೊಂದುತ್ತಾರೆ. ಆದರೆ ಆ ನಾಲ್ಕು ಸಾಲು ಹೊರಟ ಮನೆಯೊಂದು ಇರುತ್ತದಲ್ಲ, ಅಲ್ಲಿ ಆಮೇಲೆ ಏನಾಗುತ್ತದೆ?

ಸಾವು ಬಂದ ಮನೆಗೆ ಒಂದು ಕ್ರಮ ಇದೆ. ಮಣ್ಣು ಮಾಡುವುದೋ ಸುಡುವುದೋ, ಮೂರನೇ ದಿನ, ಹನ್ನೊಂದನೇ ದಿನ, ವರ್ಷದ ತಿಥಿ. ಬಂಧುಗಳಿಗೆ ಯಾವತ್ತು ಬರಬೇಕು, ಏನು ಮಾತಾಡಬೇಕು ಅನ್ನೋದು ಗೊತ್ತಿರುತ್ತದೆ. ನಾಪತ್ತೆಯಾದವರ ಮನೆಗೆ ಯಾವ ಕ್ರಮವೂ ಇಲ್ಲ. ಸರ್ಕಾರ ಮಾತ್ರ ಒಂದೇ ಒಂದು ಅಂಕಿ ಕೊಟ್ಟಿದೆ: ಏಳು ವರ್ಷ. ಏಳು ವರ್ಷ ಯಾರ ಕಿವಿಗೂ ಸುದ್ದಿ ಬೀಳದಿದ್ದರೆ ಆ ಮನುಷ್ಯ ಸತ್ತಿದ್ದಾನೆ ಅಂತ ಕೋರ್ಟು ಭಾವಿಸಬಹುದು.

ಎಂಜಿನಿಯರಿಂಗ್ ಓದಿದವರಿಗೆ ಒಂದು ಕೆಟ್ಟ ಚಟ. ಯಾವ ಸಂಖ್ಯೆ ಕಂಡರೂ ಅದು ಎಲ್ಲಿಂದ ಬಂತು ಅಂತ ಕೇಳುವುದು. ಏಳೇ ಯಾಕೆ? ಐದು ಯಾಕಲ್ಲ, ಹತ್ತು ಯಾಕಲ್ಲ?

ಇದರ ಬೇರು ಇಂಗ್ಲೆಂಡಿನಲ್ಲಿದೆ. ಹದಿನೇಳನೇ ಶತಮಾನದ ಶುರುವಿನಲ್ಲಿ, ಒಂದನೇ ಜೇಮ್ಸ್ ರಾಜನ ಕಾಲದಲ್ಲಿ, ಎರಡನೇ ಮದುವೆಯನ್ನು ಅಪರಾಧ ಮಾಡಿದ ಕಾಯ್ದೆಯಲ್ಲಿ ಒಂದು ವಿನಾಯಿತಿ ಇಟ್ಟರು. ಗಂಡನೋ ಹೆಂಡತಿಯೋ ಏಳು ವರ್ಷ ಕಡಲಾಚೆಯೇ ಉಳಿದುಬಿಟ್ಟಿದ್ದರೆ ಇನ್ನೊಂದು ಮದುವೆಗೆ ಶಿಕ್ಷೆ ಇಲ್ಲ. ಆಮೇಲೆ 1666ರಲ್ಲಿ ಇನ್ನೊಂದು ಕಾಯ್ದೆ ಬಂತು. ಆ ಕಾಲದಲ್ಲಿ ಅಲ್ಲಿ ಜಮೀನನ್ನು 'ಇಂಥವರು ಬದುಕಿರುವ ತನಕ' ಎಂಬ ಷರತ್ತಿನ ಮೇಲೆ ಗೇಣಿಗೆ ಕೊಡುತ್ತಿದ್ದರು. ಆ 'ಇಂಥವರು' ಹಡಗು ಹತ್ತಿ ಎಲ್ಲಿಗೋ ಹೋಗಿ ಸುದ್ದಿಯೇ ಇಲ್ಲ ಅಂದರೆ ಗೇಣಿ ಮುಗಿಯಿತೋ ಇಲ್ಲವೋ? ಜಮೀನ್ದಾರರ ತಲೆನೋವು. ಏಳು ವರ್ಷ ಬದುಕಿರುವ ಪುರಾವೆ ಇಲ್ಲದಿದ್ದರೆ ಸತ್ತಂತೆಯೇ ಲೆಕ್ಕ ಅಂತ ಪಾರ್ಲಿಮೆಂಟು ತೀರ್ಮಾನ ಮಾಡಿತು. ಜೀವಂತ ಇರುವುದು ಮುಂದೆ ಗೊತ್ತಾದರೆ ಜಮೀನಿನ ಹಕ್ಕು ವಾಪಸ್.

ಅಂದರೆ ಇದು ಹಾಯಿಹಡಗಿನ ಕಾಲದ, ಜಮೀನು ಮತ್ತು ಮದುವೆಯ ಲೆಕ್ಕ. ಕಾದು ಕೂತ ತಾಯಿ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನಲ್ಲಿ ಅದೇ ಏಳು ವರ್ಷ ಬ್ರಿಟಿಷ್ ಇಂಡಿಯಾಕ್ಕೆ ಬಂತು. ಆ ಹೊತ್ತಿಗೆ ನಮ್ಮ ರಾಯಚೂರು ಬ್ರಿಟಿಷರ ಕೈಯಲ್ಲಿ ಇರಲಿಲ್ಲ. 1853ರಲ್ಲಿ ಸಾಲದ ಬಾಬ್ತಿಗೆ ನಿಜಾಮರು ಅವರಿಗೆ ಒಪ್ಪಿಸಿದ್ದ ದೋಆಬ್ 1860ರಲ್ಲಿ ನಿಜಾಮರಿಗೇ ಮರಳಿತ್ತು. ಇವತ್ತು ಅದೆಲ್ಲ ಹಳೆಯ ಕಥೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಕಲಮಿನ ಸಂಖ್ಯೆ 111 ಆಗಿದೆ, ಏಳು ಮಾತ್ರ ಏಳಾಗಿಯೇ ಇದೆ. ಮೊಬೈಲು, ಆಧಾರ್, ಸಿಸಿಟಿವಿ ಬಂದ ಮೇಲೂ ಹಾಯಿಹಡಗಿನ ಗಡುವು ಬದಲಾಗಲಿಲ್ಲ.

ನಮ್ಮಲ್ಲಿ ಬೇರೆ ಲೆಕ್ಕಗಳೂ ಇದ್ದವು. ಧರ್ಮಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಹನ್ನೆರಡು ವರ್ಷ ಕಾಯಲು ಹೇಳಿ, ಆಮೇಲೆ ದರ್ಭೆ, ಮುತ್ತುಗದ ಎಲೆಗಳಲ್ಲಿ ಮನುಷ್ಯನ ಆಕೃತಿ ಮಾಡಿ ಅದಕ್ಕೆ ಸಂಸ್ಕಾರ ಮಾಡಿ ಅಂದವು. ನನಗೆ ಇದು ತುಂಬ ಬುದ್ಧಿವಂತಿಕೆಯ ಏರ್ಪಾಡು ಅನ್ನಿಸುತ್ತದೆ. ದೇಹ ಇಲ್ಲದಿದ್ದರೆ ಅಳುವುದಕ್ಕೆ ಏನಾದರೂ ಒಂದು ಬೇಕಲ್ಲ. ಹನಫಿ ಪಂಥದ ಹಳೆಯ ನಿಯಮ ಇನ್ನೂ ಕಠಿಣ. ಕಾಣೆಯಾದವನಿಗೆ ತೊಂಬತ್ತು ವಯಸ್ಸು ತುಂಬುವ ತನಕ ಹೆಂಡತಿ ಕಾಯಬೇಕಿತ್ತು. ಮಾಲಿಕಿ ಪಂಥ ನಾಲ್ಕು ವರ್ಷ ಅಂದಿತ್ತು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಆ ನಾಲ್ಕನ್ನು ಎತ್ತಿಕೊಂಡಿತು. 1955ರ ಹಿಂದೂ ವಿವಾಹ ಕಾಯ್ದೆ ಇಂಗ್ಲಿಷರ ಏಳನ್ನು ಎತ್ತಿಕೊಂಡಿತು. ಮಾನ್ವಿಯ ಒಂದೇ ಓಣಿಯ ಎದುರುಬದುರು ಮನೆಗಳಲ್ಲಿ ಇಬ್ಬರು ಗಂಡಂದಿರು ಒಂದೇ ದಿನ ಕಾಣೆಯಾದರು ಅಂತ ಇಟ್ಟುಕೊಳ್ಳಿ. ಒಬ್ಬಾಕೆ ನಾಲ್ಕು ವರ್ಷಕ್ಕೆ ಬಿಡುಗಡೆ ಕೇಳಬಹುದು, ಇನ್ನೊಬ್ಬಾಕೆ ಏಳಕ್ಕೆ. ಹೊಲದ ವಿಷಯಕ್ಕೆ ಬಂದರೆ ಇಬ್ಬರಿಗೂ ಏಳು.

ಏಳು ವರ್ಷ ಕಾದರೂ ಕಥೆ ಮುಗಿಯುತ್ತದೆ ಅಂತಲ್ಲ. ಎಲ್‌ಐಸಿ ಮತ್ತು ಅನುರಾಧ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಏಳು ವರ್ಷದ ನಂತರ ಸತ್ತಿದ್ದಾನೆ ಅಂತ ಭಾವಿಸಬಹುದು, ಯಾವತ್ತು ಸತ್ತ ಅಂತ ಭಾವಿಸಲು ಬರುವುದಿಲ್ಲ. ಇದರ ಅರ್ಥ ಏನು ಗೊತ್ತೇ? ಕಾಣೆಯಾದವನ ವಿಮೆಯ ಕಂತನ್ನು ಮನೆಯವರು ಅಷ್ಟೂ ವರ್ಷ ಕಟ್ಟುತ್ತಲೇ ಇರಬೇಕು. ನಿಲ್ಲಿಸಿದರೆ ಪಾಲಿಸಿ ಸತ್ತಂತೆ. ದುಡಿಯುವವನೇ ಇಲ್ಲದ ಮನೆ ಕಂತು ಎಲ್ಲಿಂದ ಕಟ್ಟಬೇಕು? ತೀರ್ಪು ಕಾನೂನಿನ ತರ್ಕದಲ್ಲಿ ಸರಿ. ಅಡುಗೆಮನೆಯ ತರ್ಕ ಬೇರೆ.

ಈಗ ಕರಾವಳಿಗೆ ಬನ್ನಿ. ಕರ್ನಾಟಕ ಇತ್ತೀಚೆಗೆ ಒಟ್ಟಿಗೆ ಕೂತು ಕಾದ ನಾಪತ್ತೆ ಪ್ರಕರಣ ಅಂದರೆ ಅದೇ. 2018ರ ಡಿಸೆಂಬರ್ 13ರ ರಾತ್ರಿ ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕಾ ಬೋಟು ಹೊರಟಿತು. ಏಳು ಜನ. ಕೆಲವರು ಉಡುಪಿ ಕಡೆಯವರು, ಉಳಿದವರು ಉತ್ತರ ಕನ್ನಡದವರು. ಡಿಸೆಂಬರ್ 15ರ ನಂತರ ಸಂಪರ್ಕ ಇಲ್ಲ. ಜನವರಿ 6ರಂದು ಸಾವಿರಾರು ಮೀನುಗಾರರು ಬೋಟು ನಿಲ್ಲಿಸಿ ಹೆದ್ದಾರಿಗೆ ಇಳಿದರು. ಅಪಹರಣ ಆಗಿದೆ, ದೊಡ್ಡ ಹಡಗು ಡಿಕ್ಕಿ ಹೊಡೆದಿದೆ, ಎಲ್ಲೋ ಸೆರೆಯಲ್ಲಿದ್ದಾರೆ, ದಿನಕ್ಕೊಂದು ಮಾತು. ಹೀಗೆ ಮಾತು ಹುಟ್ಟಿದಷ್ಟೂ ದಿನ ಆ ಮನೆಗಳಲ್ಲಿ ಆಸೆ ಬದುಕಿತ್ತು ಅನ್ನೋದನ್ನೂ ಮರೆಯಬಾರದು. 2019ರ ಮೇ ಮೊದಲ ವಾರ ಸುದ್ದಿ ಬಂತು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗಿನ ಮುಳುಗುಗಾರರು ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿಲೋಮೀಟರ್ ದೂರ, 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಗುರುತಿಸಿದ್ದರು. ಬೋಟು ಸಿಕ್ಕಿತು. ಏಳು ಜನ ಸಿಗಲಿಲ್ಲ.

ಅಷ್ಟಾದರೂ ಅವರ ಹಿಂದೆ ಒಂದು ಬಂದರು ನಿಂತಿತ್ತು, ಸಂಘಟನೆ ಇತ್ತು, ಹೆದ್ದಾರಿ ತಡೆಯುವ ಶಕ್ತಿ ಇತ್ತು. ಅದೇ 2019ರ ಜುಲೈ 29ರ ಸಂಜೆ ಕಾಫಿ ಡೇ ಸಿದ್ಧಾರ್ಥ ನೇತ್ರಾವತಿ ಸೇತುವೆಯಿಂದ ಕಾಣೆಯಾದಾಗ ನಾವು ಚಾನೆಲ್‌ನವರು ಎರಡು ರಾತ್ರಿ ಸೇತುವೆ ಬಿಟ್ಟು ಕದಲಲಿಲ್ಲ. 31ರ ಬೆಳಿಗ್ಗೆ ಶವ ಸಿಕ್ಕಿತು. ಕೋಸ್ಟ್ ಗಾರ್ಡ್, ಎನ್‌ಡಿಆರ್‌ಎಫ್, ಸ್ಥಳೀಯ ಮೀನುಗಾರರು ಎಲ್ಲ ಹುಡುಕಿದ್ದರು. ಹುಡುಕಬೇಕಾದ್ದೇ. ಮನಸ್ಸು ಮಾಡಿದರೆ ಈ ವ್ಯವಸ್ಥೆ ಹೇಗೆ ಹುಡುಕುತ್ತದೆ ಅಂತ ಆ ಎರಡು ದಿನ ನೋಡಿದ್ದೇವೆ, ಅಷ್ಟೇ.

ದೇವದುರ್ಗದ ಬಸ್ ಸ್ಟ್ಯಾಂಡಿನಿಂದ ರಾತ್ರಿ ಬೆಂಗಳೂರು ಬಸ್ಸಿಗೆ ಗಂಟುಮೂಟೆ ಏರಿಸುವವರ ಹಿಂದೆ ಯಾವ ಬಂದರೂ ಇಲ್ಲ. ಗುಳೆ ಅಂತೀವಿ ನಾವು. ಮಳೆ ಕೈಕೊಟ್ಟರೆ ಬೆಂಗಳೂರು, ಹೈದರಾಬಾದ್, ಪುಣೆ. ಕಟ್ಟಡದ ಕೆಲಸ, ಮೇಸ್ತ್ರಿಯ ಹೆಸರು ಒಂದೇ ಗೊತ್ತು, ಅದೂ ಅಡ್ಡಹೆಸರು. ಅಂಥವನ ಫೋನು ಒಂದು ದಿನ ಸ್ವಿಚ್ ಆಫ್ ಆದರೆ ಮನೆಯವರು ಮೊದಲ ತಿಂಗಳು ಕಾಣೆಯಾದ ಅಂತಲೇ ಅಂದುಕೊಳ್ಳುವುದಿಲ್ಲ. 'ದುಡಿಯಾಕ ಹೋಗ್ಯಾನ, ಹಬ್ಬಕ್ಕ ಬರ್ತಾನ.' ಹಬ್ಬ ಬರುತ್ತದೆ. ಆಮೇಲೆ ದೂರು ಕೊಡಬೇಕು, ಎಲ್ಲಿ? ಊರಿನ ಠಾಣೆಯಲ್ಲೋ, ಬೆಂಗಳೂರಿನ ಯಾವ ಠಾಣೆಯಲ್ಲೋ? ಮಕ್ಕಳು ಕಾಣೆಯಾದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಬಚಪನ್ ಬಚಾವೊ ಆಂದೋಲನದ ಪ್ರಕರಣದಲ್ಲಿ ಹೇಳಿದೆ. ದೊಡ್ಡವರ ವಿಷಯದಲ್ಲಿ ಮೊದಲು ಕೇಳಿಬರುವ ಮಾತು 'ಬರ್ತಾನೆ, ಇನ್ನೊಂದು ನಾಲ್ಕು ದಿನ ನೋಡ್ರಿ'.

ಇನ್ನೊಂದು ತೊಡಕು ನಮ್ಮ ಭೂಗೋಳದ್ದು. ಬಡಗಿಗೆ ಕೃಷ್ಣೆ, ತೆಂಕಿಗೆ ತುಂಗಭದ್ರೆ, ನಡುವೆ ನಾವು. ಹಿಂದಿನವರು ಎಡೆದೊರೆ ನಾಡು ಅಂತ ಸುಮ್ಮನೆ ಕರೆಯಲಿಲ್ಲ. ಗಿಲ್ಲೆಸುಗೂರಿನಿಂದ ಮಂತ್ರಾಲಯದ ಕಡೆ ಹೊರಟು ಹೊಳೆ ದಾಟಿದರೆ ಆಂಧ್ರ. ಕೃಷ್ಣೆ ದಾಟಿದರೆ ತೆಲಂಗಾಣ. ಹೊಳೆಗೆ ಗಡಿ ಗೊತ್ತಿಲ್ಲ. 2009ರ ಅಕ್ಟೋಬರ್ ಮೊದಲಲ್ಲಿ ತುಂಗಭದ್ರೆ ಮಂತ್ರಾಲಯದ ಮಠದೊಳಕ್ಕೇ ನುಗ್ಗಿದ್ದನ್ನು ಈ ಕಡೆಯವರು ಮರೆತಿಲ್ಲ. ಈ ದಂಡೆಯಲ್ಲಿ ಕೊಚ್ಚಿಹೋದವರು ಆ ದಂಡೆಯಲ್ಲಿ ತೇಲಿದರೆ ಇಲ್ಲಿ 'ವ್ಯಕ್ತಿ ಕಾಣೆ' ಅಂತ ಕನ್ನಡದಲ್ಲಿ ಒಂದು ಪ್ರಕಟಣೆ, ಅಲ್ಲಿ 'ಅಪರಿಚಿತ ಶವ' ಅಂತ ತೆಲುಗಿನಲ್ಲಿ ಇನ್ನೊಂದು. ಎರಡರಲ್ಲೂ ಅದೇ ಐದು ಅಡಿ ನಾಲ್ಕು ಇಂಚು, ಅದೇ ಗೋಧಿ ಮೈಬಣ್ಣ. ಎರಡು ಪಟ್ಟಿ ತಾಳೆ ನೋಡುವುದು ಕಂಪ್ಯೂಟರ್ ಓದಿದ ಯಾವ ಹುಡುಗನಿಗೂ ದೊಡ್ಡ ಕೆಲಸವಲ್ಲ. ಆದರೆ ಮೈಬಣ್ಣವನ್ನು ತಾಳೆ ನೋಡಿ ಏನು ಉಪಯೋಗ? ಬೆರಳಚ್ಚು, ಹಲ್ಲು, ಡಿಎನ್‌ಎ ಎರಡೂ ಕಡೆ ಇದ್ದರೆ ತಾನೇ ಜೋಡಿ ಸಿಗುವುದು.

ಮನೆಯೊಳಗಿನ ಮಾತಿಗೆ ಬರೋಣ. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಕಾಣೆಯಾದ ಮಗನಿಗೆ ಇಡಬೇಕೋ ಬೇಡವೋ? ಇಟ್ಟರೆ ಬದುಕಿರುವವನನ್ನು ನಾವೇ ಸಾಯಿಸಿದ ಹಾಗೆ. ಇಡದಿದ್ದರೆ, ಒಂದು ವೇಳೆ ಸತ್ತಿದ್ದರೆ, ಹಸಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾನಲ್ಲ. ಸೊಸೆಯ ಕುಂಕುಮ, ಬಳೆ, ತಾಳಿಯದೂ ಇದೇ ಜಗಳ. ಅತ್ತೆಗೆ ಅದು ಇರಬೇಕು, ಅದಿದ್ದರೆ ಮಗ ಇದ್ದ ಹಾಗೆ. ಓಣಿಯವರಿಗೆ ಬೇರೆ ಅನುಮಾನ, 'ಆಕಿ ಕಾಟಕ್ಕ ಹೋಗಿರಬೇಕು'. ವಿಧವಾ ವೇತನಕ್ಕೆ ನಾಡಕಚೇರಿಗೆ ಹೋದರೆ ಮರಣ ಪ್ರಮಾಣಪತ್ರ ತನ್ನಿ ಅಂತಾರೆ. ಪಹಣಿಯಲ್ಲಿ ಹೆಸರು ಅವನದೇ. ಪೌತಿ ಖಾತೆ ಆಗಬೇಕಾದರೂ ಅದೇ ಕಾಗದ ಬೇಕು. ಖಾತೆ ಆಗದೆ ಬೆಳೆ ಸಾಲ ಇಲ್ಲ. ಒಬ್ಬ ಮನುಷ್ಯ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಕಾಗದದ ಮೇಲೆ ಮಾತ್ರ ಆತ ಗಟ್ಟಿಮುಟ್ಟಾಗಿದ್ದಾನೆ.

ಪೌಲಿನ್ ಬಾಸ್ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ಅಧ್ಯಯನ ಮಾಡಿದರು. ಹೋದರು ಅನ್ನಲೂ ಆಗದ, ಇದ್ದಾರೆ ಅನ್ನಲೂ ಆಗದ ಈ ಸ್ಥಿತಿಗೆ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅಸ್ಪಷ್ಟ ನಷ್ಟ ಅನ್ನಬಹುದು. ಅವರ ಮುಖ್ಯ ಮಾತು ಇಷ್ಟು: ಇದು ಆ ಮನೆಯವರ ಮನಸ್ಸಿನ ರೋಗವಲ್ಲ, ಪರಿಸ್ಥಿತಿಯೇ ಹಾಗಿದೆ. 'ಮರೆತು ಮುಂದೆ ನಡೀರಿ' ಅನ್ನುವ ನೆಂಟರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಪಕ್ಕದ ಕೇರಳದ ರಾಜನ್ ಹೆಸರು ಕೇಳಿರಬಹುದು. ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗ. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರ ಮಾರ್ಚ್ 1ರಂದು, ಪೊಲೀಸರು ಹಿಡಿದುಕೊಂಡು ಹೋದರು. ಆಮೇಲೆ ಆತ ಇಲ್ಲ. ತಂದೆ ಈಚರ ವಾರಿಯರ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 1977ರಲ್ಲಿ ಆ ಪ್ರಕರಣಕ್ಕೆ ಕೆ. ಕರುಣಾಕರನ್ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಒಂದು ಸರ್ಕಾರದ ತಲೆಯನ್ನೇ ಉರುಳಿಸಿದ ತಂದೆಗೆ ಮಗನ ದೇಹ ಮಾತ್ರ ಕೊನೆಗೂ ಸಿಗಲಿಲ್ಲ. ಮನಸ್ಸಿನ ಸ್ಥಿಮಿತ ಕಳೆದುಕೊಂಡ ತಾಯಿ 2000ದಲ್ಲಿ ತೀರಿಕೊಳ್ಳುವ ತನಕ ಮಗನನ್ನು ಕೇಳುತ್ತಲೇ ಇದ್ದರು. ತಂದೆ 2006ರಲ್ಲಿ ಹೋದರು. ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಕಳೆದ ನನಗೆ ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಸರ್ಕಾರಕ್ಕೆ ಏಳು ವರ್ಷದ ಗೆರೆ ದಾಟಲು ಬರುವುದೇ ಇಲ್ಲ ಅಂತೇನಿಲ್ಲ. 2004ರ ಸುನಾಮಿಯ ನಂತರ, 2013ರ ಜೂನ್‌ನ ಉತ್ತರಾಖಂಡ ಪ್ರವಾಹದ ನಂತರ, ಕಾಣೆಯಾದವರಿಗೆ ಏಳು ವರ್ಷ ಕಾಯದೆ ಮರಣ ಪ್ರಮಾಣಪತ್ರ ಕೊಡಲು ದಾರಿ ಮಾಡಿಕೊಟ್ಟರು. ಸಾವಿರಾರು ಜನ ಒಂದೇ ದಿನ ಕಾಣೆಯಾದರೆ ನಿಯಮ ಬಗ್ಗುತ್ತದೆ. ವರ್ಷವಿಡೀ ಒಬ್ಬೊಬ್ಬರೇ ಕಾಣೆಯಾದರೆ ಬಗ್ಗುವುದಿಲ್ಲ.

ಹಾಗಾಗಿ ಗುಳೆ ಹೋಗುವ ಊರುಗಳಲ್ಲಿ ಈ ಪುಸ್ತಕ ಓದುವವರು ಇದ್ದರೆ ಒಂದು ಮಾತು. ಏಳು ವರ್ಷ ಎಲ್ಲಿಂದ ಎಣಿಸಬೇಕು ಅಂತ ಕೋರ್ಟು ಕೇಳಿದಾಗ ತೋರಿಸಲು ಒಂದು ತಾರೀಕು ಬೇಕು. ಆ ತಾರೀಕು ಗಟ್ಟಿಯಾಗಿ ಇರುವುದು ದೂರಿನ ಕಾಗದದಲ್ಲಿ. ಹಬ್ಬದ ತನಕ ಕಾಯಬೇಡಿ. ಕೃತ್ಯ ಎಲ್ಲೇ ನಡೆದಿರಲಿ, ಊರಿನ ಠಾಣೆಯಲ್ಲೇ ದೂರು ಕೊಡಿ. ಎಫ್‌ಐಆರ್ ಆದರೆ ದೂರುದಾರರಿಗೆ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ, ಕೇಳಿ ಪಡೆಯಿರಿ. ಠಾಣೆಯಲ್ಲಿ ಆಗಲಿಲ್ಲ ಅಂದರೆ ರಾಯಚೂರಿನ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ, 2008ಕ್ಕಿಂತ ಮುಂಚಿನ ಹಾಗೆ ಬೆಂಗಳೂರಿನ ತನಕ ಹೋಗಬೇಕಿಲ್ಲ. ಆ ಕಾಗದವನ್ನು ರೇಷನ್ ಕಾರ್ಡು, ಪಹಣಿ ಇಟ್ಟ ಟ್ರಂಕಿನಲ್ಲೇ ಇಡಿ. ಜೊತೆಗೆ ಒಂದು ಫೋಟೋ. ಮುಖ ನೇರವಾಗಿ ಕಾಣುವಂಥದ್ದು, ಮದುವೆ ಮನೆಯ ಗುಂಪಿನಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತದ್ದಲ್ಲ.